ಪೋಸ್ಟಮ್ಮನ ವಿಳಾಸಕ್ಕೊಂದು ಪುರಾವೆ

ನನ್ನ ತಾಯಿಯ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಮೂವತ್ತೊಂದು ವರ್ಷ ಹಳ್ಳಿಯ ಪೋಸ್ಟ್ ಮಾಸ್ಟರ್ ಆಗಿದ್ದಳು. ಹಳೇಬೀಡಿನಿಂದ ಬಸ್ತಿಹಳ್ಳಿಯ ಬಸದಿಗಳನ್ನು ದಾಟಿಕೊಂಡು ಹೋದರೆ ಸಿಗುವ ಸಣ್ಣ ಊರು ಅವಳದು. ಅಲ್ಲಿ ಅಂಚೆ ಕಚೇರಿಗೆಂದು ಬೇರೆ ಕಟ್ಟಡವಿರಲಿಲ್ಲ. ದೊಡ್ಡಮ್ಮನ ಮನೆಯ ಜಗುಲಿಯೇ ಕಚೇರಿ, ಜಗುಲಿಯ ಕಂಬಕ್ಕೆ ಕಟ್ಟಿದ್ದ ಕೆಂಪು ಡಬ್ಬಿಯೇ ಬೋರ್ಡು. ಸುತ್ತಲಿನ ನಾಲ್ಕೈದು ಹಳ್ಳಿಗಳಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಎಲ್ಲರಿಗೂ ಪೋಸ್ಟಮ್ಮ. ‘ಕೆರೆ ಏರಿ ಪಕ್ಕದ ಮನೆ, ಹಳೇಬೀಡು ಹತ್ತಿರ’ ಎಂದಷ್ಟೇ ಬರೆದ ಕಾಗದ ಬಂದರೂ ಅಕ್ಷರದ ಓರೆ ನೋಡಿ, ಯಾರ ಮಗ ಯಾರಿಗೆ ಬರೆದಿದ್ದಾನೆ ಎಂದು ಗುರುತು ಹಿಡಿದು ಅದೇ ದಿನ ಮುಟ್ಟಿಸುತ್ತಿದ್ದಳು. ವಿಳಾಸ ಸರಿಯಿಲ್ಲ ಎಂದು ಒಂದು ಕಾಗದವನ್ನೂ ವಾಪಸ್ ಕಳಿಸಿದವಳಲ್ಲ. ಅವಳಿಗಿದ್ದ ಒಂದೇ ಒಂದು ಜಂಬ ಅದು.

ಇಂಥವಳಿಗೆ ಒಂದು ದಿನ ಅಂಚೆಯಲ್ಲಿ ಒಂದು ನೋಟಿಸು ಬಂತು. ನಿಮ್ಮ ವಿಳಾಸ ನಮ್ಮಲ್ಲಿ ಇಲ್ಲ, ಪುರಾವೆ ಕೊಡಿ ಎಂದು.

ಕಳಿಸಿದ್ದು ಗ್ಯಾಸ್ ಏಜೆನ್ಸಿ. ದೊಡ್ಡಮ್ಮ ನನಗೆ ಫೋನ್ ಮಾಡಿ, ಇಡೀ ನೋಟಿಸನ್ನು ನಿಧಾನವಾಗಿ ಓದಿ ಹೇಳಿದಳು. ನಾನು ಅರಸೀಕೆರೆಯ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಸರ್ಕಾರಿ ಕನ್ನಡ ಎಂಥದ್ದೇ ಆಗಲಿ, ನನಗೆ ಅರ್ಥವಾಗುತ್ತದೆ ಎಂದು ನಮ್ಮ ಬಂಧುಬಳಗದಲ್ಲಿ ನಂಬಿಕೆಯಿದೆ. ಆದರೆ ಈ ನೋಟಿಸು ನನ್ನ ಅಳವಿಗೂ ಮೀರಿದ್ದಾಗಿತ್ತು. ಮೇಲುಗಡೆ ದೊಡ್ಡಮ್ಮನ ಪೂರ್ತಿ ಹೆಸರು, ತೀರಿಕೊಂಡ ದೊಡ್ಡಪ್ಪನ ಹೆಸರು, ಮನೆ ನಂಬರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್ ಕೋಡು, ಕನ್ಸ್ಯೂಮರ್ ನಂಬರು ಎಲ್ಲವೂ ಒಂದಕ್ಷರ ತಪ್ಪಿಲ್ಲದಂತೆ ಅಚ್ಚಾಗಿದ್ದವು. ಅದರ ಕೆಳಗೆ, ‘ತಮ್ಮ ವಿವರಗಳು ನಮ್ಮ ಕಚೇರಿಯಲ್ಲಿ ಲಭ್ಯವಿಲ್ಲದ ಕಾರಣ’ ಎಂದು ಶುರುವಾಗಿ, ಹದಿನೈದು ದಿನದೊಳಗೆ ದಾಖಲೆ ಒದಗಿಸದಿದ್ದರೆ ಸಿಲಿಂಡರ್ ಬುಕಿಂಗ್ ನಿಲ್ಲಿಸಲಾಗುವುದು ಎಂದು ಮುಗಿಯುತ್ತಿತ್ತು. ಅವತ್ತೇ ಮಧ್ಯಾಹ್ನ ಅವಳ ಮೊಬೈಲಿಗೂ ಒಂದು ಮೆಸೇಜು ಬಂದಿತ್ತಂತೆ. ನಿಮ್ಮ ಮೊಬೈಲ್ ಸಂಖ್ಯೆ ನಮ್ಮಲ್ಲಿ ನೋಂದಣಿಯಾಗಿಲ್ಲ, ದಯವಿಟ್ಟು ನೋಂದಾಯಿಸಿ ಎಂದು.

"ಅಡ್ರೆಸ್ ಗೊತ್ತಿಲ್ಲ ಅಂತಾರೆ, ಸರಿ. ಗೊತ್ತಿಲ್ಲದ ಅಡ್ರೆಸ್ಸಿಗೆ ಈ ಕಾಗದ ಹೆಂಗೆ ಬಂತು ಅಂತ ಮೊದ್ಲು ಹೇಳು" ಎಂದಳು ದೊಡ್ಡಮ್ಮ. ದಸರಾ ರಜೆ ಶುರುವಾಗುವುದಿತ್ತು, ಬರುತ್ತೇನೆ ಎಂದೆ.

ವಿಷಯ ಇಷ್ಟೇ ಆಗಿತ್ತು. ಹಳೇಬೀಡು ಸುತ್ತಲಿನ ಹಳ್ಳಿಗಳಿಗೆ ಮೊದಲು ಸಿಲಿಂಡರ್ ಬರುತ್ತಿದ್ದದ್ದು ಬೇಲೂರಿನ ಏಜೆನ್ಸಿಯಿಂದ. ಈಚೆಗೆ ಜಾವಗಲ್ಲಿನಲ್ಲಿ ಅದೇ ಕಂಪನಿಯ ಹೊಸ ಏಜೆನ್ಸಿ ತೆರೆದು, ಕೆಲವು ಹಳ್ಳಿಗಳನ್ನು ಅದಕ್ಕೆ ವಹಿಸಿದ್ದರು. ಹಳ್ಳಿಗಳು ಹೋದವು, ಹಳ್ಳಿಯವರ ಕಾಗದಪತ್ರ ಹೋಗಲಿಲ್ಲ. ಹೀಗಾಗಿ ಹೊಸ ಏಜೆನ್ಸಿಯವರು ಎಲ್ಲರನ್ನೂ ಈಗ ತಾನೇ ಭೂಮಿಗೆ ಬಿದ್ದವರಂತೆ ಕಂಡು, ನೀವು ಯಾರು ಎಂದು ಕೇಳತೊಡಗಿದ್ದರು. ಸಿಲಿಂಡರ್ ತರುವವನು ಮಾತ್ರ ಬದಲಾಗಿರಲಿಲ್ಲ. ಬೇಲೂರಿನ ಗಾಡಿ ಬಿಟ್ಟು ಜಾವಗಲ್ಲಿನ ಗಾಡಿ ಹತ್ತಿದ್ದ, ಅಷ್ಟೇ. ಹದಿನೆಂಟು ವರ್ಷದಿಂದ ಆ ಮನೆಯ ಅಡುಗೆಮನೆವರೆಗೂ ಸಿಲಿಂಡರ್ ಹೊತ್ತು ತಂದಿಟ್ಟು, ದೊಡ್ಡಮ್ಮನ ಕೈಯ ಮಜ್ಜಿಗೆ ಕುಡಿದು ಹೋಗುತ್ತಿದ್ದ ಮನುಷ್ಯ ಈಗ ಬಾಗಿಲಲ್ಲೇ ನಿಂತು, ನಿಮ್ಮ ಅಡ್ರೆಸ್ ಪ್ರೂಫ್ ಆಗೋವರೆಗೂ ಇಳಿಸಬೇಡ ಅಂದವ್ರೆ ಎಂದು ತಲೆ ಕೆರೆದುಕೊಂಡನಂತೆ. ಯಾರ ಮನೆ ಎಂದು ಗೊತ್ತಿಲ್ಲದೆ ಯಾರ ಮನೆ ಮುಂದೆ ಗಾಡಿ ನಿಲ್ಲಿಸಿದೆಯಪ್ಪಾ ಎಂದು ದೊಡ್ಡಮ್ಮ ಕೇಳಿದ್ದಕ್ಕೆ ನಕ್ಕು, ಮಜ್ಜಿಗೆ ಕುಡಿದು, ಸಿಲಿಂಡರ್ ಇಳಿಸದೆ ಹೋದನಂತೆ.

ರಜೆಗೆ ನಾನು ಊರಿಗೆ ಹೋದಾಗ ದೊಡ್ಡಮ್ಮನ ಮಗನಿಗೆ ತೋಟದಲ್ಲಿ ತೆಂಗಿನಕಾಯಿ ಕೀಳಿಸುವ ಕೆಲಸ. ಅವರು ಏನು ಕೇಳುತ್ತಾರೋ ಅದನ್ನು ಬಿಸಾಕಿ ಬನ್ನಿ, ವಾದ ಮಾಡಬೇಡಿ ಎಂದು ನನಗೆ ಬುದ್ಧಿ ಹೇಳಿ ತೋಟಕ್ಕೆ ಹೋದ. ಸೊಸೆ ಹಿತ್ತಲಲ್ಲಿ ಹಳೆಯ ಒಲೆಗೆ ಸೆಗಣಿ ಸಾರಿಸಿ, ತೆಂಗಿನ ಗರಿ, ಚಿಪ್ಪು ಒಟ್ಟಿ ಮುದ್ದೆಗೆ ಎಸರಿಟ್ಟಿದ್ದಳು. ಈ ಒಲೆ ಆಧಾರ್ ಕೇಳಲ್ಲ ನೋಡಕ್ಕಾ ಎಂದಳು, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ.

ನಾವು ಮೊದಲು ಹೋದದ್ದು ಬೇಲೂರಿಗೆ. ಹಳೆಯ ಏಜೆನ್ಸಿಯಲ್ಲಿ ಎಲ್ಲಾ ಕಾಗದ ಇದೆಯಲ್ಲ, ಅದನ್ನೇ ಈಸಿಕೊಂಡು ಜಾವಗಲ್ಲಿಗೆ ಕೊಟ್ಟರಾಯಿತು ಎನ್ನುವುದು ನನ್ನ ಲೆಕ್ಕಾಚಾರ. ಕಾಗದ ಇದ್ದದ್ದು ನಿಜ. ಅಲ್ಲಿನ ಗುಮಾಸ್ತರು ದೊಡ್ಡಮ್ಮನನ್ನು ನೋಡಿದ ಕೂಡಲೇ ಎದ್ದು ಕುರ್ಚಿ ಕೊಟ್ಟು, ಒಳಗಿನ ಬೀರುವಿನಿಂದ ಒಂದು ದಪ್ಪ ಫೈಲು ತಂದರು. ದಾರ ಬಿಚ್ಚಿ ಒಂದೊಂದೇ ಹಾಳೆ ಮಗುಚಿದರು. ರೇಷನ್ ಕಾರ್ಡಿನ ನಾಲ್ಕು ಜೆರಾಕ್ಸ್, ವೋಟರ್ ಕಾರ್ಡಿನ ಮೂರು, ಆಧಾರಿನ ಐದು. ವರ್ಷಕ್ಕೊಂದು ಹೊಸ ಸುತ್ತೋಲೆ ಬಂದಾಗಲೆಲ್ಲ ಹೊಸದಾಗಿ ಕೇಳಿ, ಹಳೆಯದರ ಮೇಲೆ ಹೊಸದನ್ನು ಇಟ್ಟು ದಾರ ಬಿಗಿದಿದ್ದರು. ಫೋಟೋಗಳೇ ಏಳು ಇದ್ದವು. ಮೊದಲನೆಯದರಲ್ಲಿ ದೊಡ್ಡಮ್ಮನಿಗೆ ದಟ್ಟ ಕಪ್ಪು ಕೂದಲು, ಕಿವಿಯಲ್ಲಿ ದೊಡ್ಡಪ್ಪ ಮಾಡಿಸಿದ್ದ ಓಲೆ. ಆಮೇಲಿನ ಒಂದೊಂದರಲ್ಲೂ ಕೂದಲು ಸ್ವಲ್ಪ ಸ್ವಲ್ಪವೇ ಬೆಳ್ಳಗಾಗುತ್ತಾ ಬಂದು, ಐದನೆಯದರ ಹೊತ್ತಿಗೆ ಹಣೆಯ ಕುಂಕುಮ ಹೋಗಿ ವಿಭೂತಿ ಮಾತ್ರ ಉಳಿದಿತ್ತು. ನಮ್ಮ ಮನೆತನದಲ್ಲಿ ಯಾರ ಹತ್ತಿರವೂ ಇಲ್ಲದ ದೊಡ್ಡಮ್ಮನ ಆಲ್ಬಮ್ಮು ಆ ಗ್ಯಾಸ್ ಏಜೆನ್ಸಿಯ ಬೀರುವಿನಲ್ಲಿತ್ತು.

ಇದರ ಒಂದು ಪ್ರತಿ ಕೊಡಿ, ಜಾವಗಲ್ಲಿಗೆ ಕೊಡುತ್ತೇವೆ ಎಂದೆ. ಗುಮಾಸ್ತರು ಫೈಲು ಮುಚ್ಚಿದರು. ಕೊಡಲು ಬರುವುದಿಲ್ಲವಂತೆ. ಗ್ರಾಹಕರ ಮಾಹಿತಿ ಗೌಪ್ಯ, ಹೊರಗಿನವರಿಗೆ ಕೊಡಬಾರದು ಎಂದು ಮೇಲಿನಿಂದ ಕಟ್ಟಪ್ಪಣೆಯಿದೆಯಂತೆ. ಆ ಗ್ರಾಹಕರು ಇಗೋ ಇಲ್ಲಿ ನಿಮ್ಮ ಎದುರೇ ಕೂತಿದ್ದಾರಲ್ಲ ಎಂದೆ. ಅದೇ ಮೇಡಂ, ಅವರದ್ದೇ ಮಾಹಿತಿ, ಹಾಗಾಗಿಯೇ ಇಷ್ಟು ಜೋಪಾನ ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅವರು ಪ್ರಾಮಾಣಿಕವಾಗಿ ದೊಡ್ಡಮ್ಮನನ್ನು ದೊಡ್ಡಮ್ಮನಿಂದ ಕಾಪಾಡುತ್ತಿದ್ದರು.

ಜಾವಗಲ್ಲಿಗೆ ನೀವೇ ಕಳಿಸಬಹುದಲ್ಲ ಎಂದರೆ, ಅವರು ಕೇಳಿದರೆ ಕಳಿಸುತ್ತೇವೆ, ಅವರು ಕೇಳಿಲ್ಲ ಎಂದರು.

ದೊಡ್ಡಮ್ಮ ಅದುವರೆಗೂ ಫೈಲಿನ ಕಡೆಯೇ ನೋಡುತ್ತಿದ್ದಳು. ಕೊನೆಗೆ, "ಒಬ್ಳು ಹೆಂಗ್ಸಿಗೆ ಏಳು ಫೋಟೋ ಇಟ್ಕೊಂಡು ಏನ್ ಮಾಡ್ತೀರಪ್ಪ? ಆ ಮೊದಲ್ನೇದು ನಂಗೆ ಕೊಟ್ಬುಡಿ. ಆರು ನಿಮಗಿರ್ಲಿ" ಎಂದಳು.

ಗುಮಾಸ್ತರು ಅತ್ತಿತ್ತ ನೋಡಿದರು. ಆಮೇಲೆ ಸ್ಟೇಪ್ಲರ್ ಪಿನ್ನನ್ನು ಉಗುರಿನಿಂದ ಎಬ್ಬಿಸಿ, ಫೋಟೋ ಕಿತ್ತು ಅವಳ ಅಂಗೈಯಲ್ಲಿಟ್ಟರು. ಇಡೀ ಬೇಲೂರಿನಲ್ಲಿ ಅವತ್ತು ನಿಯಮ ಮುರಿದವರು ಅವರೊಬ್ಬರೇ ಇರಬೇಕು. ದೊಡ್ಡಮ್ಮ ಅದನ್ನು ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡಳು. ಬಂದ ಕೆಲಸ ಆಗದಿದ್ದರೂ ಬಸ್ಸಿನಲ್ಲಿ ಅವಳು ಬೇಜಾರಾದಂತೆ ಕಾಣಲಿಲ್ಲ.

ಮಾರನೆಯ ದಿನ ಜಾವಗಲ್ಲು. ಹೊಸ ಏಜೆನ್ಸಿ ಎಲ್ಲ ರೀತಿಯಲ್ಲೂ ಹೊಸದು. ಗಾಜಿನ ಬಾಗಿಲು, ಟೋಕನ್ ಕೊಡುವ ಮೆಷಿನು, ಗೋಡೆಯ ಮೇಲೆ ‘ಗ್ರಾಹಕರೇ ದೇವರು’ ಎಂಬ ಬೋರ್ಡು. ದೇವರುಗಳೆಲ್ಲ ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು, ಹೊರಗೆ ಬಿಸಿಲಲ್ಲಿ ಸಾಲು ನಿಂತಿದ್ದರು. ಪಕ್ಕದಲ್ಲೇ ಒಂದು ಜೆರಾಕ್ಸ್ ಅಂಗಡಿ. ಏಜೆನ್ಸಿ ತೆರೆದ ವಾರಕ್ಕೆ ಅದೂ ತೆರೆದಿತ್ತಂತೆ, ಅದರ ಮಾಲೀಕ ಏಜೆನ್ಸಿ ಮಾಲೀಕರ ಭಾಮೈದನಂತೆ. ಇದನ್ನು ಆಕಸ್ಮಿಕ ಎಂದುಕೊಳ್ಳುವಷ್ಟು ಒಳ್ಳೆಯ ಮನಸ್ಸು ನನಗೆ ಅವತ್ತು ಇರಲಿಲ್ಲ.

ಕಂಪ್ಯೂಟರಿನ ಮುಂದೆ ನನ್ನ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು. ದೊಡ್ಡಮ್ಮನ ಕನ್ಸ್ಯೂಮರ್ ನಂಬರ್ ಒತ್ತಿದರು. ನಾನು ಗುಮಾಸ್ತೆಯಾದ್ದರಿಂದ ಬೇರೆಯವರ ಕಂಪ್ಯೂಟರಿಗೆ ಇಣುಕುವ ಚಾಳಿ ನನಗಿದೆ. ಬಗ್ಗಿ ನೋಡಿದರೆ, ಪರದೆಯ ಎಡಭಾಗದಲ್ಲಿ ದೊಡ್ಡಮ್ಮನ ಹೆಸರು, ಹುಟ್ಟಿದ ದಿನ, ವಿಳಾಸ, ಮೊಬೈಲ್ ನಂಬರು ಎಲ್ಲ ನಿಚ್ಚಳವಾಗಿ ಇತ್ತು. ಬಲಭಾಗದಲ್ಲಿ ಅವೇ ಕಾಲಂಗಳು ಖಾಲಿ. ಆಕೆ ಬಲಭಾಗವನ್ನೇ ನೋಡುತ್ತಾ ಕೇಳಿದರು, ನಿಮ್ಮ ಹೆಸರೇನಮ್ಮ?

ಎಡಗಡೆ ಇದೆಯಲ್ಲ ಎಂದು ನಾನು ಬೆರಳು ತೋರಿಸಿದೆ. ಅದು ಹಳೇ ಏಜೆನ್ಸಿಯದು ಮೇಡಂ, ನಮಗೆ ಬರೀ ನೋಡೋಕೆ ಅಷ್ಟೇ, ನಮ್ಮದು ಬಲಗಡೆದು, ಅದನ್ನ ನಾವೇ ತುಂಬಬೇಕು ಎಂದರು. ಎಡಗಡೆಯದನ್ನು ನೋಡಿಕೊಂಡೇ ಬಲಗಡೆ ಬರೆಯಿರಿ ಎಂದೆ. ಹಾಗೆ ನೋಡಿ ಬರೆದರೆ ಅದು ಕಾಪಿ ಹೊಡೆದ ಹಾಗೆ ಆಗುತ್ತದೆ, ಗ್ರಾಹಕರೇ ಬಾಯಲ್ಲಿ ಹೇಳಬೇಕು, ಪ್ರತಿಯೊಂದಕ್ಕೂ ಜೆರಾಕ್ಸ್ ಬೇಕು ಎಂದರು.

ದೊಡ್ಡಮ್ಮ ಹೇಳಿದಳು. ಹೆಸರು, ಗಂಡನ ಹೆಸರು, ಊರು. ಆಕೆ ಬಲಗಡೆ ಬರೆದು, ಸರಿಯಾಗಿದೆಯೇ ಎಂದು ಎಡಗಡೆ ನೋಡಿ ತಾಳೆ ಹಾಕಿದರು. ತಾಳೆಯಾಗಲಿಲ್ಲ. ಎಡಗಡೆಯ ಹೆಸರಿಗೆ ದೊಡ್ಡಪ್ಪನ ಹೆಸರಿನ ಇನಿಷಿಯಲ್ ಇತ್ತು, ಆಧಾರಿನಲ್ಲಿ ಇರಲಿಲ್ಲ. ಹೆಬ್ಬೆಟ್ಟು ಒತ್ತುವ ಮೆಷಿನು ಇದನ್ನು ತೀರ್ಮಾನ ಮಾಡುತ್ತದೆ ಎಂದರು. ಮೂವತ್ತೊಂದು ವರ್ಷ ಅಂಚೆ ಮೊಹರು ಕುಟ್ಟಿ, ಅದಕ್ಕೂ ಮುಂಚಿನಿಂದ ಕಾಯಿ ಸುಲಿದು ಸವೆದ ಬೆರಳುಗಳು ಅವು. ಮೆಷಿನು ಹತ್ತೂ ಬೆರಳನ್ನು ಒಂದಾದ ಮೇಲೊಂದು ಮೂಸಿ, ಕೆಂಪು ದೀಪ ಹಚ್ಚಿ ಬೇಡ ಎಂದಿತು. ದೊಡ್ಡಮ್ಮ ಸೆರಗಿನಿಂದ ಬೆರಳು ಒರೆಸಿಕೊಂಡಳು, ಮೆಷಿನನ್ನೂ ಒರೆಸಿದಳು. ಆದರೂ ಅದು ಒಪ್ಪಲಿಲ್ಲ.

ಕೊನೆಗೆ ಒಳಗಿನ ಕೋಣೆಯಿಂದ ಮಾಲೀಕರು ಬಂದರು. ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು, ಮಾತು ಮೃದು. ಎಲ್ಲ ಕೇಳಿಸಿಕೊಂಡು, ಇದು ದೊಡ್ಡ ಸಮಸ್ಯೆಯಲ್ಲ, ಇನಿಷಿಯಲ್ ಇರೋ ಹೆಂಗಸು, ಇಲ್ಲದ ಹೆಂಗಸು ಇಬ್ಬರೂ ಒಬ್ಬರೇ ಎಂದು ನೋಟರಿಯವರ ಹತ್ತಿರ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿಕೊಂಡು ಬನ್ನಿ, ಅರಸೀಕೆರೆ ಕೋರ್ಟಿನ ಹತ್ತಿರ ಅರ್ಧ ಗಂಟೆಯ ಕೆಲಸ ಎಂದರು.

ದೊಡ್ಡಮ್ಮ ಅವರನ್ನು ದಿಟ್ಟಿಸಿ ನೋಡಿದಳು. "ನಾನು ನಾನೇ ಅಂತ ನಾನು ವಕೀಲ್ರ ಕೈಲಿ ಬರೆಸ್ಬೇಕಾ?" ಎಂದಳು. ಫಾರ್ಮಾಲಿಟಿ ಅಷ್ಟೇ ಅಮ್ಮ ಎಂದರು ಮಾಲೀಕರು. "ಬರೆಸಲ್ಲ ಕಣಪ್ಪ" ಎಂದು ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಹಿಂದೆ ಅಂಚೆಯ ಜಗುಲಿಯಲ್ಲಿ, ಕೌಂಟರು ಮುಚ್ಚಿತು, ನಾಳೆ ಬಾ ಎಂದು ಜನರಿಗೆ ಹೇಳುವಾಗಲೂ ಅವಳ ದನಿ ಹೀಗೇ ಇದ್ದಿರಬೇಕು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಇಡೀ ದಾರಿ ಬೈದೆ. ಇವರಿಗೆ ತಲೆ ಇಲ್ಲ, ಇದ್ದದ್ದನ್ನೇ ಕೇಳುತ್ತಾರೆ, ಜನರ ಹೊಟ್ಟೆ ಉರಿಸುತ್ತಾರೆ ಎಂದೆಲ್ಲ. ದೊಡ್ಡಮ್ಮ ಕಿಟಕಿಯಾಚೆ ರಾಗಿ ಹೊಲ ನೋಡುತ್ತಾ ಕೇಳಿಸಿಕೊಂಡಳು. ಆಮೇಲೆ ತಣ್ಣಗೆ ಕೇಳಿದಳು. "ನಿಮ್ ಸ್ಕೂಲ್ನಾಗೆ ನೀನೂ ಹಿಂಗೇ ಅಲ್ವೇನೇ? ನನ್ ಮೊಮ್ಮಗಳು ಎಂಟ್ನೇ ಕ್ಲಾಸಿಗೆ ಜಾತಿ ಸರ್ಟಿಫಿಕೇಟ್ ಕೊಟ್ಟಿದ್ಲು. ಒಂಬತ್ತಕ್ಕೂ ತತ್ತಾ ಅಂದೆ, ಹತ್ತಕ್ಕೂ ತತ್ತಾ ಅಂದೆ. ವರ್ಷಕ್ಕೊಂದು ಜಾತಿ ಬದಲಾಯ್ತದಾ?"

ಅದು ನಿಜ. ದೊಡ್ಡಮ್ಮನ ಮೊಮ್ಮಗಳು ನನ್ನ ಮನೆಯಲ್ಲಿದ್ದುಕೊಂಡು ನನ್ನ ಸ್ಕೂಲಿನಲ್ಲೇ ಮೂರು ವರ್ಷ ಓದಿದ್ದಳು. ನನ್ನ ಜೊತೆ ಒಂದೇ ಬಾಗಿಲಿನಿಂದ ಹೊರಟು ಶಾಲೆಗೆ ಬರುತ್ತಿದ್ದ ಹುಡುಗಿಗೆ ನಾನು ಪ್ರತಿ ಜೂನ್ ತಿಂಗಳು ಮನೆ ವಿಳಾಸದ ಕಾಲಂ ಖಾಲಿ ಬಿಡಬೇಡ ಎಂದು ಗದರಿದ್ದೆ. ಎಂಟನೇ ತರಗತಿಯಲ್ಲಿ ಕೊಟ್ಟ ಪ್ರಮಾಣ ಪತ್ರಗಳೆಲ್ಲ ನನ್ನ ಹಿಂದಿನ ಬೀರುವಿನಲ್ಲೇ ಇರುತ್ತಿದ್ದವು. ಬೀರು ತೆರೆಯಲು ಕುರ್ಚಿಯಿಂದ ಏಳಬೇಕು. ಮಕ್ಕಳನ್ನು ಕೇಳಲು ಏಳಬೇಕಾಗಿಲ್ಲ. ನನ್ನ ಹದಿನಾರು ವರ್ಷದ ಸೇವೆಯಲ್ಲಿ ಈ ವ್ಯತ್ಯಾಸಕ್ಕಾಗಿ ಎಷ್ಟು ತಾಯಂದಿರು ಕೂಲಿ ಬಿಟ್ಟು ತಾಲ್ಲೂಕು ಕಚೇರಿಯ ಮುಂದೆ ಕೂತರೋ ನಾನು ಯೋಚಿಸಿರಲಿಲ್ಲ. ಆ ಬಸ್ಸಿನಲ್ಲಿ ಯೋಚಿಸಿದೆ. ಹಿತವಾಗಿರಲಿಲ್ಲ. ಮುಂದಿನ ಜೂನಿನಲ್ಲಿ ಹೆಡ್‌ಮಾಸ್ಟರಿಗೆ ಹೇಳಿ, ಹಳೆಯ ಮಕ್ಕಳ ವಿವರವನ್ನು ಹಳೆಯ ಫೈಲಿನಿಂದಲೇ ನಾನು ಎತ್ತಿ ಬರೆದೆ. ಆಡಿಟ್‌ನವರು ಕೇಳಿದರೆ ಎಂದು ಅವರು ಹೆದರಿದರು. ಯಾರೂ ಕೇಳಲಿಲ್ಲ. ಇಷ್ಟು ವರ್ಷ ಯಾರ ಭಯಕ್ಕೆ ಕೇಳುತ್ತಿದ್ದೆವು ಎನ್ನುವುದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಆ ಬಸ್ಸಿನ ದಿನದಿಂದ ನಾಲ್ಕು ದಿನ ಬಿಟ್ಟು ದೊಡ್ಡಮ್ಮನೇ ಮತ್ತೆ ಜಾವಗಲ್ಲಿಗೆ ಹೊರಟು ನಿಂತಳು. ಅಫಿಡವಿಟ್ ಇರಲಿಲ್ಲ, ಹೊಸ ಜೆರಾಕ್ಸೂ ಇರಲಿಲ್ಲ. ಬರೀ ಗ್ಯಾಸ್ ಪುಸ್ತಕ, ಆಧಾರು, ಮೊಬೈಲು. ಏನು ಮಾಡುತ್ತೀಯೆಂದು ನಾನು ಕೇಳಿದ್ದಕ್ಕೆ, ಅವರ ಕೌಂಟರ್ ಮುಂದೆ ಕೂತ್ಕತೀನಿ ಎಂದಳು. ನನ್ನ ರಜೆ ಇನ್ನೂ ಮುಗಿದಿರಲಿಲ್ಲ, ಜೊತೆಗೆ ಹೋದೆ.

ಅವತ್ತು ಸಾಲಿನಲ್ಲಿ ಇಪ್ಪತ್ತು ಮೂವತ್ತು ಜನರಿದ್ದರು. ಹೆಚ್ಚಿನವರು ಹಳೇಬೀಡು, ಬಸ್ತಿಹಳ್ಳಿ ಕಡೆಯವರು, ಪೋಸ್ಟಮ್ಮನಿಗೆ ಗುರುತಿನವರೇ. ಅವರು ಜಾಗ ಬಿಟ್ಟುಕೊಟ್ಟರೂ ಅವಳು ಮುಂದೆ ಹೋಗಲಿಲ್ಲ. ಒಳಗೆ ನಮ್ಮ ಸರದಿ ಬಂದು, ಕಂಪ್ಯೂಟರಿನ ಹೆಂಗಸು ಅಫಿಡವಿಟ್ ತಂದಿರಾ ಎಂದು ಕೇಳುವಷ್ಟರಲ್ಲಿ ದೊಡ್ಡಮ್ಮನ ಫೋನು ಹೊಡೆದುಕೊಂಡಿತು.

ಗೊತ್ತಿಲ್ಲದ ನಂಬರು. ಇಂಥ ಫೋನುಗಳಿಗೆ ಏನನ್ನೂ ಹೇಳಬೇಡ, ಹೆಸರನ್ನೂ ಹೇಳಬೇಡ ಎಂದು ನಾನೇ ಅವಳಿಗೆ ನೂರು ಸಲ ಹೇಳಿದ್ದೆ. ಕಿವಿ ಸರಿಯಾಗಿ ಕೇಳಿಸದ್ದರಿಂದ ಅವಳು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಾಳೆ. ಹಾಕಿದಳು. ಬೆಂಗಳೂರು ಕನ್ನಡದ ಒಂದು ಗಂಡು ದನಿ, ಗ್ಯಾಸ್ ಕಂಪನಿಯ ಗ್ರಾಹಕ ಸೇವಾ ಕೇಂದ್ರದಿಂದ ಮಾತಾಡುತ್ತಿರುವುದಾಗಿ ಹೇಳಿತು. ಕಳೆದ ಸಿಲಿಂಡರ್ ಸರಿಯಾಗಿ ತಲುಪಿತೇ, ಸೇವೆ ತೃಪ್ತಿಕರವಾಗಿದೆಯೇ, ಒಂದರಿಂದ ಐದರವರೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿತು.

"ನೀವು ಯಾರಿಗೆ ಫೋನ್ ಮಾಡಿದ್ದೀರಿ?" ಎಂದಳು ದೊಡ್ಡಮ್ಮ.

ದನಿ ಅವಳ ಹೆಸರು ಹೇಳಿತು. ಇನಿಷಿಯಲ್ ಸಮೇತ.

"ನಾನೇನೂ ಹೇಳಲ್ಲಪ್ಪ. ನಾನು ಯಾರು, ಎಲ್ಲಿರೋಳು ಅಂತ ನೀವೇ ಹೇಳಿ. ಸರಿಯಾಗಿದ್ರೆ ಮುಂದೆ ಮಾತಾಡ್ತೀನಿ."

ಅವನು ಹೇಳಿದ. ಪಾಪ, ಅವನ ಮುಂದೆ ಎಲ್ಲ ಇತ್ತು. ಗಂಡನ ಹೆಸರು, ಮನೆ ನಂಬರು, ‘ಹಳೇ ಅಂಚೆ ಕಚೇರಿ ಇದ್ದ ಮನೆ’ ಎಂಬ ಗುರುತು, ಊರು, ಪಿನ್ ಕೋಡು, ಕನೆಕ್ಷನ್ ತೆಗೆದುಕೊಂಡ ವರ್ಷ, ಆಧಾರಿನ ಕೊನೆಯ ನಾಲ್ಕು ಅಂಕಿ. ಒಂದೊಂದಕ್ಕೂ ದೊಡ್ಡಮ್ಮ ಹೂಂ ಎಂದು, ನಿಧಾನ ಹೇಳಪ್ಪ, ಇಲ್ಲೊಬ್ರು ಬರ್ಕೋಬೇಕು ಎಂದಳು. ಕಂಪ್ಯೂಟರಿನ ಹೆಂಗಸು ಬೆರಳು ಕೀಲಿಗಳ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಬಾಗಿಲಲ್ಲಿದ್ದ ಜನ ಒಳಗೆ ಬಂದು ನಿಂತರು. ಮಾಲೀಕರೂ ಕೋಣೆಯಿಂದ ಹೊರಗೆ ಬಂದರು.

"ಇಷ್ಟೆಲ್ಲ ನಿಮ್ಗೆ ಗೊತ್ತೈತೆ. ನಾನು ಈಗ ನಿಮ್ ಜಾವಗಲ್ ಆಫೀಸ್ನಾಗೇ ಕೂತಿದೀನಿ. ಇವ್ರು ನಾನು ಯಾರು ಅಂತ ಗೊತ್ತಿಲ್ಲ, ವಕೀಲ್ರ ಹತ್ರ ಬರೆಸ್ಕೊಂಡು ಬಾ ಅಂತಾರೆ. ನೀವೇ ಇವ್ರಿಗೆ ಹೇಳಿ" ಎಂದು ಫೋನನ್ನು ಕೌಂಟರಿನ ಮೇಲೆ ಮಾಲೀಕರ ಮುಂದೆ ಇಟ್ಟಳು.

ದನಿ ಬಹಳ ವಿನಯದಿಂದ, ಸರ್, ಒಂದು ಏಜೆನ್ಸಿಯಿಂದ ಇನ್ನೊಂದಕ್ಕೆ ಬಂದ ಗ್ರಾಹಕರ ಹತ್ತಿರ ಮತ್ತೆ ದಾಖಲೆ ಕೇಳುವ ಅಗತ್ಯವಿಲ್ಲ, ಎಲ್ಲ ಕಂಪನಿಯ ಕಂಪ್ಯೂಟರಿನಲ್ಲೇ ಇದೆ, ನಿಮ್ಮ ಪರದೆಯ ಮೇಲೆ ಎಡಗಡೆಗೂ ಬಲಗಡೆಗೂ ನಡುವೆ ಒಂದು ಬಾಣದ ಗುರುತಿದೆ, ಅದನ್ನು ಒತ್ತಿದರೆ ಅಲ್ಲಿರುವುದು ಇಲ್ಲಿಗೆ ಬರುತ್ತದೆ, ವಿವರ ಬದಲಾಗಿಲ್ಲ ಎಂದು ಗ್ರಾಹಕರ ಒಂದು ಸಹಿ ಸಾಕು ಎಂದಿತು.

ಎಲ್ಲರೂ ಪರದೆಯ ಕಡೆ ನೋಡಿದೆವು. ಬಾಣ ಇತ್ತು. ಹಸಿರು ಬಣ್ಣದ್ದು, ಹೆಬ್ಬೆರಳಿನಷ್ಟು ಅಗಲ.

ಆಕೆ ಒತ್ತಿದರು. ಎಡಗಡೆ ಇದ್ದ ದೊಡ್ಡಮ್ಮ ಕಣ್ಣು ಮಿಟುಕಿಸುವುದರೊಳಗೆ ಬಲಗಡೆಗೆ ಬಂದಳು, ಆರು ಫೋಟೋದಲ್ಲಿ ಕಡೆಯದರ ಸಮೇತ. ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಮಾಲೀಕರು ಕೆಮ್ಮಿ, ಹಾಸನದಲ್ಲಿ ನಮಗೆ ಒಂದು ದಿನದ ಟ್ರೈನಿಂಗ್ ಕೊಟ್ಟಿದ್ದರು, ಆಗ ಈ ಬಾಣದ ವಿಷಯ ಹೇಳಿದ್ದರೋ ಏನೋ, ಊಟವಾದ ಮೇಲಿನ ಕ್ಲಾಸಿನಲ್ಲಿ ಇದ್ದಿರಬೇಕು ಎಂದರು. ಆ ಹೆಂಗಸು ಮಾತ್ರ ನಾಚಿಕೆಯಿಂದ, ನಾನು ಅದನ್ನ ದಿನಾ ನೋಡ್ತಿದ್ದೆ ಮೇಡಂ, ಒತ್ತಿದ್ರೆ ಎಲ್ಲಾ ಅಳಿಸಿಹೋದ್ರೆ ಅಂತ ಭಯ, ಯಾರೂ ಒತ್ತು ಅಂತ ಹೇಳಿರಲಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಬೀರುವಿನ ಬಾಗಿಲು ತೆರೆಯದ ಗುಮಾಸ್ತೆ ನಾನು. ಅವರಿಗೆ ಏನೆಂದು ಬೈಯಲಿ?

ಫೋನಿನ ದನಿ ಇನ್ನೂ ಕಾಯುತ್ತಿತ್ತು. ಒಂದರಿಂದ ಐದರವರೆಗೆ ಎಷ್ಟು ಅಂಕ ಅಮ್ಮ ಎಂದಿತು. ನಿಂಗೆ ಐದು, ಇವ್ರಿಗೆ ಎಷ್ಟು ಅಂತ ಸಿಲಿಂಡರ್ ಬಂದ್ಮೇಲೆ ಹೇಳ್ತೀನಿ ಎಂದು ದೊಡ್ಡಮ್ಮ ಫೋನ್ ಇಟ್ಟಳು.

ಕೆಲಸ ಮುಗಿದಿತ್ತು. ನಾನು ಹೊರಡೋಣ ಎಂದೆ. ಅವಳು ಏಳಲಿಲ್ಲ. ಹಿಂದಿನ ಸಾಲು ತೋರಿಸಿ, ಇವ್ರದ್ದೂ ಒತ್ತಿಬಿಡಲಿ, ನೋಡ್ಕಂಡು ಹೋಗೋಣ ಎಂದು ಕುರ್ಚಿಯನ್ನು ಕೌಂಟರಿನ ಪಕ್ಕಕ್ಕೆ ಎಳೆದುಕೊಂಡಳು. ಮಾಲೀಕರು ಒಳಗೆ ಹೋದರು. ಆಮೇಲೆ ಒಂದೂವರೆ ಗಂಟೆ ದೊಡ್ಡಮ್ಮನಿಗೆ ಮತ್ತೆ ಪೋಸ್ಟಾಫೀಸು ಸಿಕ್ಕಂತಾಯಿತು. ಒಬ್ಬೊಬ್ಬರೇ ಬಂದು ಪುಸ್ತಕ ಕೊಡುವುದು, ಹೆಂಗಸು ನಂಬರ್ ಒತ್ತುವುದು, ಎಡಗಡೆ ವಿವರ ಬಂದೊಡನೆ ದೊಡ್ಡಮ್ಮ ಮುಖ ನೋಡಿ ಹೌದು ಇವ್ರೇ, ಬಸದಿ ಎದುರಿನ ಮೂರನೇ ಮನೆ ಎಂದು ಹೇಳುವುದು, ಬಾಣ ಒತ್ತುವುದು. ಒಬ್ಬಾತನ ವಿಳಾಸದಲ್ಲಿ ಬೀದಿಯ ಹೆಸರು ತಪ್ಪಿತ್ತು. ಕಂಪ್ಯೂಟರಿಗೆ ಅದು ಗೊತ್ತಾಗಿರಲಿಲ್ಲ, ದೊಡ್ಡಮ್ಮನಿಗೆ ಗೊತ್ತಾಯಿತು, ತಿದ್ದಿಸಿದಳು.

ಜೆರಾಕ್ಸ್ ಅಂಗಡಿಯವನು ಎರಡು ಸಲ ಬಂದು ಇಣುಕಿದ. ಯಾರೂ ಹೊರಗೆ ಬರುತ್ತಿಲ್ಲ ಏಕೆ ಎಂದು ಅವನಿಗೆ ಅರ್ಥವಾಗಲಿಲ್ಲ. ಮೂರನೆಯ ಸಲ ಬಂದಾಗ ಅರ್ಥವಾಗಿ, ನಮ್ಮನ್ನು ನುಂಗುವಂತೆ ನೋಡಿ ಹೋದ. ಆಮೇಲೆ ತಿಂಗಳೊಳಗೆ ಅವನು ಅಂಗಡಿಯ ಮುಂದೆ ಜ್ಯೂಸ್ ಇಟ್ಟುಕೊಂಡನೆಂದು ಕೇಳಿದೆ. ಊರಿಗೆ ಅದು ಹೆಚ್ಚು ಉಪಯೋಗವಾಯಿತು.

ಹಳೇಬೀಡಿಗೆ ಬಸ್ ಬಂದಾಗ ನಾವು ಹದಿನೈದು ಇಪ್ಪತ್ತು ಜನ ಒಟ್ಟಿಗೆ ಹತ್ತಿದೆವು. ಬೇಡವಾದ ಜೆರಾಕ್ಸುಗಳಲ್ಲಿ ಕೆಲವರು ಗಾಳಿ ಬೀಸಿಕೊಂಡರು, ಒಬ್ಬಾಕೆ ಸಂತೆಯಲ್ಲಿ ತೆಗೆದುಕೊಂಡ ಕಡಲೇಕಾಯಿಯನ್ನು ತನ್ನದೇ ರೇಷನ್ ಕಾರ್ಡಿನ ನಕಲಿನಲ್ಲಿ ಪೊಟ್ಟಣ ಕಟ್ಟಿ ನಮಗೆಲ್ಲ ಹಂಚಿದಳು. ಗೆದ್ದು ಬಂದವರ ಗದ್ದಲವಿತ್ತು. ಪೋಸ್ಟಮ್ಮ ಇಲ್ಲದಿದ್ರೆ ಎಂದು ಶುರುವಾದ ಮಾತು ಇಡೀ ಬಸ್ಸಿಗೆ ಹಬ್ಬಿತು. ಕಂಡಕ್ಟರು ಟಿಕೆಟ್ ಕೊಡುತ್ತಾ ನಮ್ಮ ಸೀಟಿಗೆ ಬಂದ. ದೊಡ್ಡಮ್ಮನ ಪಕ್ಕದ ಹಳ್ಳಿಯವನೇ. ಅವನಿಗೆ ಈ ಕೆಲಸ ಸಿಕ್ಕಿದ ಆರ್ಡರನ್ನು ಅವನ ಮನೆಗೆ ಮುಟ್ಟಿಸಿ, ಸಕ್ಕರೆ ತಿಂದು ಬಂದವಳು ದೊಡ್ಡಮ್ಮನೇ. ಏನ್ ಪೋಸ್ಟಮ್ಮ, ಜಾವಗಲ್ಲಿಗೆ ಹೋಗಿದ್ರಾ, ಮಂಡಿನೋವು ಹೆಂಗೈತೆ ಎಂದು ವಿಚಾರಿಸಿ, ಹೆಂಗಸರ ಉಚಿತ ಟಿಕೆಟ್ ಹರಿಯುವ ಮುಂಚೆ ಕೈ ಚಾಚಿದ. ಆಧಾರ್ ತೋರಿಸಿ ಅಮ್ಮ ಎಂದ.

ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು. ನಾನೂ ನೋಡಿದೆ.

ಅವಳು ಕನ್ನಡಕದ ಡಬ್ಬಿ ತೆಗೆದು, ಕನ್ನಡಕ ಹಾಕಿಕೊಂಡು, ಕವರಿನಿಂದ ಆಧಾರ್ ಹುಡುಕಿ ಅವನ ಕೈಗೆ ಕೊಟ್ಟಳು. "ನೋಡ್ಕಳಪ್ಪ, ನಾನೇನಾ ಅಂತ" ಎಂದಳು. ಅವನು ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿ, ಸರಿಯಾಗೈತೆ ಎಂದು ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.